ಕೀಮೋ ಮದ್ದುಗಳು: ಒಂದೊಂದರ ಕೆಲಸ ಒಂದೊಂದು ಬಗೆ

ಊರಿನಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮುಂಬಯಿಗೆ ಬಂದ ಬಂಧುಗಳನ್ನು ಮನೆಯಲ್ಲಿರಿಸಿಕೊಂಡು ಆಸ್ಪತ್ರೆಗೆ ಓಡಾಡಿದ ಅನುಭವ ನಮ್ಮ ಸಂಘದ ಅನೇಕ ಸದಸ್ಯರಿಗೆ ಇದೆ. ಎರಡು ವರ್ಷಗಳ ಹಿಂದೆ ಕುಂದಾಪುರದಿಂದ ನನ್ನ ಅಕ್ಕ ಸ್ತನ ಕ್ಯಾನ್ಸರಿನ ಚಿಕಿತ್ಸೆಗಾಗಿ ನಮ್ಮಲ್ಲಿಗೆ ಬಂದಳು. 21 ದಿನಗಳಿಗೊಮ್ಮೆ ಕೀಮೋ. ಮೊದಲನೆಯದಾಗಿ ಮೂರನೇ ವಾರದಲ್ಲಿ ತಲೆ ಬಾಚುವಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. “ಈ ಮದ್ದು ನನಗೆ ಬೇಡ ಮಾರಾಯ, ಊರಿಗೆ ಟಿಕೆಟ್ ಮಾಡಿಸು” ಎಂದು ಅಕ್ಕ ಹಟ ಹಿಡಿದಳು.

ಆ ರಾತ್ರಿ ಮದ್ದಿನ ಬಿಲ್ ಮುಂದಿಟ್ಟುಕೊಂಡು ಕುಳಿತೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ವೋಚರ್ ಓದಿದ ನನಗೆ ಅದರಲ್ಲಿನ ಒಂದು ಹೆಸರೂ ಅರ್ಥವಾಗಲಿಲ್ಲ. ಮರುದಿನ ಡಾಕ್ಟರರನ್ನೇ ಕೇಳಿದೆ. ಅವರು ತಿಳಿಸಿದ್ದನ್ನೂ ಅನಂತರ ನಾನು ಓದಿಕೊಂಡದ್ದನ್ನೂ ಇಲ್ಲಿ ಹೇಳುತ್ತಿದ್ದೇನೆ.

ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಅಂಕೆ ಮೀರಿ ಬೆಳೆಯುವುದೇ ಕ್ಯಾನ್ಸರ್. ಒಂದು ಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯ ನಕಲು ಮಾಡಬೇಕು, ಆಮೇಲೆ ಅದನ್ನು ಎರಡು ಪಾಲು ಮಾಡಬೇಕು. ಕೀಮೋ ಮದ್ದುಗಳು ಈ ಕೆಲಸವನ್ನು ಬೇರೆ ಬೇರೆ ಹಂತದಲ್ಲಿ ಕೆಡಿಸುತ್ತವೆ.

ಅಕ್ಕನ ಬಿಲ್ಲಿನಲ್ಲಿದ್ದ ಸೈಕ್ಲೋಫಾಸ್ಫಮೈಡ್ ‘ಆಲ್ಕಿಲೇಟಿಂಗ್’ ಗುಂಪಿನದು. ಇದು ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಲಾಗದಂತೆ ಬೆಸೆದುಬಿಡುತ್ತದೆ. ಎಳೆ ಬಿಡದೆ ನಕಲು ಆಗದು. ಯುದ್ಧದ ಮಸ್ಟರ್ಡ್ ವಿಷಾನಿಲದ ಸಂಬಂಧಿಯೊಂದನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೋಗಿಗೆ ಕೊಟ್ಟಲ್ಲಿಂದ ಈ ಗುಂಪಿನ ಕಥೆ ಆರಂಭ.

ಎರಡನೆಯದು ಡಾಕ್ಸೋರುಬಿಸಿನ್. ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಈ ಕೆಂಪು ಮದ್ದು ಡಿಎನ್‌ಎ ಎಳೆಗಳ ನಡುವೆ ನುಸುಳಿ ಕುಳಿತು, ನಕಲಿನ ಕೆಲಸವನ್ನು ನಿಲ್ಲಿಸುತ್ತದೆ. ಹೃದಯಕ್ಕೆ ತೊಂದರೆಯಾಗಬಹುದೆಂದು ಮೊದಲೇ ಎಕೋ ಪರೀಕ್ಷೆ ಮಾಡುತ್ತಾರೆ. ಮೂತ್ರ ಒಂದೆರಡು ದಿನ ಕೆಂಪಾದರೆ ಅದು ಮದ್ದಿನ ಬಣ್ಣ.

ಇವೆರಡೂ ನಾಲ್ಕು ಸಲ ಆದ ಮೇಲೆ ಪ್ಯಾಕ್ಲಿಟಾಕ್ಸೆಲ್. ಅಮೆರಿಕದ ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ಸಿಕ್ಕ ಮದ್ದಿದು. ಡಿಎನ್‌ಎಯನ್ನು ಎರಡು ಕಡೆಗೆ ಎಳೆಯಲು ಕೋಶವು ಸಣ್ಣ ನೂಲುಗಳನ್ನು ಕಟ್ಟಿ ಬಿಚ್ಚುತ್ತದೆ. ಪ್ಯಾಕ್ಲಿಟಾಕ್ಸೆಲ್ ಅವನ್ನು ಬಿಚ್ಚಲು ಬಿಡುವುದಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಕಟ್ಟಲೇ ಬಿಡುವುದಿಲ್ಲ. ಎರಡರಲ್ಲೂ ಬೆರಳು ಜುಮುಗುಟ್ಟುವುದುಂಟು.

ಅಕ್ಕನಿಗೆ ಕೊಡದ ಇನ್ನೊಂದು ಗುಂಪು ‘ಆಂಟಿಮೆಟಬೊಲೈಟ್’. ಮೆಥೊಟ್ರೆಕ್ಸೇಟ್ ಫೋಲಿಕ್ ಆಮ್ಲದ ವೇಷದಲ್ಲಿ ಕೋಶದೊಳಗೆ ಹೋಗಿ, ಡಿಎನ್‌ಎ ಕಟ್ಟಲು ಬೇಕಾದ ಸಾಮಗ್ರಿಯೇ ತಯಾರಾಗದಂತೆ ಮಾಡುತ್ತದೆ. ಇಂಥ ಮದ್ದಿನ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಶ್ರಮವಿದೆ. 1948ರಲ್ಲಿ ತೀರಿಕೊಂಡ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಒಂದೇ ಮದ್ದು ಸಾಲದೇ? ಸಾಲದು. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಗಬೇಕು. ನಡುವೆ ಬಿಟ್ಟರೆ ಉಳಿದವು ಮತ್ತೆ ಬೆಳೆಯಬಹುದು. ಬೇಗ ಬೇಗ ಎರಡಾಗುವ ಕೋಶಗಳು ಕೂದಲ ಬುಡದಲ್ಲಿ, ಬಾಯಿ-ಕರುಳಿನ ಒಳಪದರದಲ್ಲಿ, ಎಲುಬಿನ ಮಜ್ಜೆಯಲ್ಲಿಯೂ ಇವೆ. ಮದ್ದಿಗೆ ತನ್ನವರು ಪರರು ಎಂಬ ಭೇದ ಅಷ್ಟಾಗಿ ಗೊತ್ತಿಲ್ಲ. ಕೂದಲು ಉದುರುವುದು, ಬಾಯಿಹುಣ್ಣು, ರಕ್ತಕಣ ಇಳಿಯುವುದು ಇದರಿಂದಲೇ. ಚೇತರಿಸಿಕೊಳ್ಳಲೆಂದೇ 21 ದಿನಗಳ ಬಿಡುವು.

ಇಷ್ಟು ಕೇಳಿದ ಮೇಲೆ ಅಕ್ಕ ಎರಡನೇ ಕೀಮೋಗೆ ಒಪ್ಪಿದಳು. ಅದರ ಹತ್ತನೇ ದಿನ ರಾತ್ರಿ 101 ಡಿಗ್ರಿ ಜ್ವರ. “ಮಾತ್ರೆ ತಗೊಂಡು ಮಲಗ್ತೇನೆ, ಬೆಳಿಗ್ಗೆ ನೋಡುವ” ಎಂದಳು. ಆ ದಿನಗಳಲ್ಲಿ ಬಿಳಿ ರಕ್ತಕಣ ತೀರಾ ಕಡಿಮೆಯಿರುತ್ತದೆ, 100.4 ದಾಟಿದರೆ ಕಾಯಬೇಡಿ ಎಂದು ಡಾಕ್ಟರರು ಹೇಳಿದ್ದು ನೆನಪಿತ್ತು. ರಾತ್ರಿಯೇ ಟ್ಯಾಕ್ಸಿ ಮಾಡಿದೆವು. ಸೋಂಕು ಆಗಲೇ ಆರಂಭವಾಗಿತ್ತು. ಬೆಳಿಗ್ಗೆವರೆಗೆ ಕಾದಿದ್ದರೆ ಏನಾಗುತ್ತಿತ್ತೋ!

ಒಬ್ಬೊಬ್ಬ ರೋಗಿಯ ಮದ್ದು ಒಂದೊಂದು ಬಗೆ, ಆದ್ದರಿಂದ ನಿಮ್ಮ ಡಾಕ್ಟರರನ್ನು ಕೇಳಲು ಸಂಕೋಚ ಬೇಡ. ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಕನ್ನಡ ಬಲ್ಲ ವೈದ್ಯರಿಂದ ಇಂಥ ಮಾಹಿತಿ ಕೊಡಿಸಿದರೆ ಊರಿನಿಂದ ಬಂದವರಿಗೆ ಬಹಳ ಉಪಕಾರವಾದೀತು.

ಎಂಟೂ ಕೀಮೋ ಮುಗಿಸಿದ ಅಕ್ಕ, ತಲೆಯಲ್ಲಿ ಬೆರಳಷ್ಟು ಹೊಸ ಕೂದಲು ಬಂದಾಗ ಮತ್ಸ್ಯಗಂಧ ರೈಲು ಹತ್ತಿದಳು. ಈ ಸಲ ಟಿಕೆಟ್ ನಾನೇ ಮಾಡಿಸಿದ್ದೆ.