ಮೂಲೆ ಚೂಪಾಗಬೇಕಾ? ಚುಚ್ಚಬೇಡಿ, ಕತ್ತರಿಸಿ

ಹೋದ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಜ್ಜಿ ಒಂದು ಹಳೇ ಕಾಟನ್ ಸೀರೆ ಕೊಟ್ಟು, "ಇದರಲ್ಲಿ ಎರಡು ದಿಂಬಿನ ಕವರ್ ಹೊಲಿ, ನೋಡೋಣ" ಅಂದ್ರು. ಅಮ್ಮ ಮಗುವಾಗಿದ್ದಾಗ ತೊಟ್ಟಿಲು ಕಟ್ಟಿದ್ದು ಆ ಸೀರೆಯಲ್ಲೇ. ಆಮೇಲೆ ನನಗೂ ಅದೇ. ಮಷೀನ್ ತುಳಿಯೋದು, ನೇರ ಹೊಲಿಗೆ ಹಾಕೋದು ನನಗೆ ಬರುತ್ತೆ. ಹಾಗಾಗಿ ಧೈರ್ಯವಾಗಿ ಕೂತೆ.

ಉಲ್ಟಾ ಇಟ್ಟು ಹೊಲಿದು, ಸೀದಾ ತಿರುಗಿಸಿ ನೋಡಿದ್ರೆ ಮೂಲೆಗಳೆಲ್ಲ ಗುಂಡಗೆ, ಇಡ್ಲಿ ಅಂಚಿನ ಹಾಗೆ! ಚೂಪು ಮಾಡೋಣ ಅಂತ ಒಳಗಿಂದ ಕತ್ತರಿ ತುದಿಯಲ್ಲಿ ಚುಚ್ಚಿದೆ. ಪರ್ ಅಂತ ಸದ್ದು. ಎರಡು ತಲೆಮಾರು ತೂಗಿದ ಬಟ್ಟೆ ನನ್ನ ಕೈಯಲ್ಲಿ ಹತ್ತು ನಿಮಿಷ ಉಳೀಲಿಲ್ಲ.

ಅಜ್ಜಿ ಬೈಯಲಿಲ್ಲ. "ಚುಚ್ಚಿದ್ರೆ ಮೂಲೆ ಬರಲ್ಲ ಮಗಾ, ಒಳಗೆ ತುಂಬಿರೋದನ್ನ ತೆಗೀಬೇಕು" ಅಂದ್ರು, ಅಷ್ಟೇ. ಒಳಗೆ ಏನು ತುಂಬಿರುತ್ತೆ? ಲೆಕ್ಕ ಹಾಕಿ ನೋಡೋಣ.

ಹೊಲಿಗೆಯಿಂದ ಆಚೆಗೆ ಬಿಡೋ ಬಟ್ಟೆಗೆ ಕನ್ನಡದಲ್ಲಿ ಏನಂತಾರೆ ಅಂತ ಅಜ್ಜಿಯನ್ನ ಕೇಳಿದೆ. "ಮಾರ್ಜಿನ್" ಅಂದ್ರು! ಸರಿ, ಹಾಗೇ ಕರೆಯೋಣ. ಈಗ ಒಂದು ಎ4 ಹಾಳೆ ತಗೊಳ್ಳಿ. ಒಂದು ಮೂಲೆಯ ಎರಡೂ ಬದಿಯಲ್ಲಿ 1 ಸೆಂ.ಮೀ. ಮಾರ್ಜಿನ್ ಒಳಗೆ ಮಡಚಿ. ಅಂಚಿನಲ್ಲಿ ಎಲ್ಲೇ ಹಿಡಿದರೂ ಕಾಗದ 2 ಪದರ. ಆದರೆ ಮೂಲೆಯಲ್ಲಿ 4 ಪದರ, ಯಾಕಂದ್ರೆ ಅಲ್ಲಿ ಎರಡು ಮಡಿಕೆ ಒಂದರ ಮೇಲೊಂದು ಬಂದಿದೆ. ದಿಂಬಿನ ಕವರ್‌ಗೆ ಮುಂದೊಂದು ಹಿಂದೊಂದು ಬಟ್ಟೆ ಇರೋದರಿಂದ ಅಂಚಿನಲ್ಲಿ 4 ಪದರ, ಮೂಲೆಯಲ್ಲಿ 8. ಅಂದ್ರೆ ಎಲ್ಲಿ ಜಾಗ ಅತಿ ಕಡಿಮೆಯೋ ಅಲ್ಲೇ ಬಟ್ಟೆ ಅತಿ ಹೆಚ್ಚು. ಮೂಲೆ ಗುಂಡಗಾಗದೆ ಇನ್ನೇನಾಗುತ್ತೆ?

ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ತಗಡಿನ ಟ್ರೇ ಮಾಡಿದ್ದು ನೆನಪಿದೆಯಾ? ಬಗ್ಗಿಸೋ ಮೊದಲೇ ಮೂಲೆಯ ತಗಡನ್ನ ಕತ್ತರಿಸಿ ತೆಗೀತಿದ್ವಿ. ತೆಗೀದಿದ್ರೆ ಟ್ರೇ ಕೂಡ್ತಾನೇ ಇರಲಿಲ್ಲ. ಬಟ್ಟೆ ಮೆತ್ತಗಿರೋದರಿಂದ ಹೇಗೋ ಮಡಚಿಕೊಳ್ಳುತ್ತೆ, ಆದ್ರೆ ಹೆಚ್ಚಾಗಿದ್ದೆಲ್ಲ ಒಳಗೆ ಗಂಟು ಕಟ್ಟುತ್ತೆ.

ಹೊಲಿಗೆ ತಿರುಗೋ ಬಿಂದುವಿನ ಮೇಲೆ 45 ಡಿಗ್ರಿ ಓರೆ ಗೆರೆ ಎಳೆದು, ಅದರ ಆಚೆಗಿನದನ್ನ ಕತ್ತರಿಸಿದ್ರು ಅಂದ್ಕೊಳ್ಳಿ. ಮೂಲೆಯ ಚೌಕ ಪೂರ್ತಿ ಹೋಗುತ್ತೆ. ಎರಡು ಬದಿಯ ಮಾರ್ಜಿನ್‌ನಿಂದ ಒಂದೊಂದು ತ್ರಿಕೋನವೂ ಹೋಗುತ್ತೆ. ಈಗ ಮಡಚಿದರೆ ಎರಡು ಮಾರ್ಜಿನ್ ಒಂದರ ಮೇಲೊಂದು ಕೂರಲ್ಲ. ಫೋಟೋ ಫ್ರೇಮಿನ ಮೂಲೆಯ ಹಾಗೆ ಅಂಚಿಗೆ ಅಂಚು ಕೂಡುತ್ತವೆ. 8 ಪದರ 4ಕ್ಕೆ ಇಳಿಯುತ್ತೆ, ಅಂಚಿನಲ್ಲಿ ಇರುವಷ್ಟೇ. ಹಾಳೆಯಲ್ಲೇ ಮಾಡಿ ನೋಡಿ, ಕಣ್ಣಿಗೆ ಕಾಣುತ್ತೆ.

ಆದರೆ ಬಟ್ಟೆ ಕಾಗದ ಅಲ್ಲ, ಅದರ ಎಳೆ ಬಿಚ್ಚಿಕೊಳ್ಳುತ್ತೆ. ಆದ್ದರಿಂದ ನಿಜವಾಗಿ ಕತ್ತರಿಸುವಾಗ ಹೊಲಿಗೆಯಿಂದ 2-3 ಮಿ.ಮೀ. ದೂರ ಇರಿ. ಮೂಲೆ ಹತ್ತಿರ ಬಂದಾಗ ಹೊಲಿಗೆಯನ್ನೂ ಸಣ್ಣದು ಮಾಡಿ. 2.5 ಮಿ.ಮೀ. ಇದ್ದರೆ 1.5ಕ್ಕೆ ಇಳಿಸಿ, ಮೂಲೆ ದಾಟೋವರೆಗೂ ಹಾಗೇ ಇರಲಿ. ಕತ್ತರಿಸಿದ ಮೇಲೆ ಅಲ್ಲಿ ಬಟ್ಟೆಯನ್ನ ಹಿಡಿದಿಡೋದು ಆ ಹೊಲಿಗೆ ಮಾತ್ರ.

ತಿರುಗಿಸೋ ಜಾಗ ಕಣ್ಣಂದಾಜಲ್ಲಿ ಬೇಡ. ಎರಡೂ ಅಂಚಿನಿಂದ 1 ಸೆಂ.ಮೀ. ಅಳೆದು ಪೆನ್ಸಿಲ್ ಚುಕ್ಕಿ ಇಡಿ. ಸೂಜಿ ಚುಕ್ಕಿಯಲ್ಲಿ ಇಳಿದಾಗ ನಿಲ್ಲಿಸಿ, ಬಟ್ಟೆ ಒತ್ತಿ ಹಿಡಿಯೋ ಪಾದವನ್ನ ಮಾತ್ರ ಎತ್ತಿ, ಬಟ್ಟೆ ತಿರುಗಿಸಿ, ಪಾದ ಇಳಿಸಿ ಮುಂದುವರಿಸಿ. ಇಲ್ಲಿ ಸೂಜಿಯೇ ಪಿವಟ್. ಜೀನ್ಸ್ ತರ ದಪ್ಪ ಬಟ್ಟೆಯಾದರೆ ತುದಿಯಲ್ಲಿ ಅಡ್ಡಲಾಗಿ ಒಂದೆರಡು ಹೊಲಿಗೆ ಹಾಕಿ. ಚೂಪು ಬೇಕು ಅಂತ ತುದಿಯನ್ನೇ ಮೊಂಡು ಮಾಡೋದಾ ಅನ್ನಿಸುತ್ತೆ. ಆದ್ರೆ ದಪ್ಪ ಬಟ್ಟೆ ಮಡಚಿಕೊಳ್ಳೋಕೆ ಅಷ್ಟು ಜಾಗ ಬೇಕು.

ರಾಜ್ಯೋತ್ಸವದ ತೋರಣಕ್ಕೆ ತ್ರಿಕೋನ ಬಾವುಟ ಹೊಲಿಯೋರು ಇದನ್ನ ಗಮನಿಸಿ: 60 ಡಿಗ್ರಿ ಮೂಲೆಗೆ ತುದಿಯಲ್ಲಿ ಒಂದೇ ಅಡ್ಡ ಕತ್ತರಿ ಸಾಲಲ್ಲ, ಮಾರ್ಜಿನ್‌ಗಳು ಇನ್ನೂ ಒಂದರ ಮೇಲೊಂದು ಬರುತ್ತವೆ. ತುದಿ ಕತ್ತರಿಸಿದ ಮೇಲೆ ಎರಡು ಬದಿಯ ಮಾರ್ಜಿನನ್ನೂ ಓರೆಯಾಗಿ ಸವರಬೇಕು. ಕೋನ ಕಿರಿದಾದಷ್ಟೂ ತೆಗೆಯಬೇಕಾದ್ದು ಜಾಸ್ತಿ.

ತಿರುಗಿಸೋ ಮೊದಲು ಹೊಲಿಗೆಯ ಮೇಲೆ ಒಮ್ಮೆ ಇಸ್ತ್ರಿ ಮಾಡಿ. ಆಮೇಲೆ ಮೂಲೆಯ ಮಾರ್ಜಿನ್‌ಗಳನ್ನ ಹೊಲಿಗೆಯ ಗೆರೆಗೇ ಮಡಚಿ, ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ಹಿಡಿದು, ಹಿಡಿತ ಬಿಡದೆ ಸೀದಾ ತಿರುಗಿಸಿ. ಸ್ವಲ್ಪ ತಳ್ಳಲೇಬೇಕು ಅಂದ್ರೆ ಐಸ್‌ಕ್ರೀಮ್ ಕಡ್ಡಿ ಸಾಕು. ಕತ್ತರಿ ಮಾತ್ರ ಬೇಡ. ಕೊನೆಗೆ ಇನ್ನೊಮ್ಮೆ ಇಸ್ತ್ರಿ.

ಎರಡನೇ ಕವರ್ ಹೀಗೇ ಹೊಲಿದೆ. ಅಜ್ಜಿ ಮೂಲೆಗಳನ್ನ ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿ, ಏನೂ ಹೇಳದೆ ತಮ್ಮ ದಿಂಬಿಗೆ ಹಾಕ್ಕೊಂಡ್ರು. ಪದರದ ಲೆಕ್ಕ ಹೇಳೋಕೆ ಹೋದೆ. "ಅದಕ್ಕೇ ಅಲ್ವಾ ಕತ್ತರಿಸೋದು" ಅಂದ್ರು.

ಹರಿದ ಕವರ್ ನಾನು ಹಾಸ್ಟೆಲ್‌ಗೆ ತಂದಿದ್ದೀನಿ. ಹೊರಡೋ ಹಿಂದಿನ ರಾತ್ರಿ ಅಜ್ಜಿ ಅದೇ ಸೀರೆಯ ಚೂರಲ್ಲಿ ತೂತಿಗೆ ಒಂದಿಂಚಿನ ತೇಪೆ ಹಾಕಿದ್ದರು, ಕೈಹೊಲಿಗೆಯಲ್ಲಿ. ಆ ತೇಪೆಯ ನಾಲ್ಕು ಮೂಲೆಯೂ ಚೂಪಾಗಿವೆ.