ಹುರುಳಿ ಹಾಸಿದ ರಸ್ತೆ, ಮುಖ ಮುಚ್ಚುವ ಹೆಲ್ಮೆಟ್

ಹುರುಳಿ ಸುಗ್ಗಿಯ ದಿನಗಳಲ್ಲಿ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಬೈಕಿನಲ್ಲಿ ಹೊರಟವರಿಗೆ ರಸ್ತೆಯೇ ಕಣವಾಗಿ ಎದುರಾಗುವುದು ಹೊಸತಲ್ಲ. ಹೊಲದಿಂದ ಕಿತ್ತು ತಂದ ಹುರುಳಿ ಗಿಡವನ್ನು ಡಾಂಬರಿನ ಮೇಲೆ ಮೊಣಕಾಲೆತ್ತರ ಹರವಿರುತ್ತಾರೆ. ಬಸ್ಸು, ಲಾರಿಗಳು ಅದರ ಮೇಲೆ ಹಾಯುತ್ತಿದ್ದಂತೆ ಕಾಯಿ ಒಡೆದು ಕಾಳು ಉದುರುತ್ತದೆ. ಪಕ್ಕದಲ್ಲಿ ಮರಗೋಲು ಹಿಡಿದು ನಿಂತ ಹೆಂಗಸರು ಸೊಪ್ಪನ್ನು ತಿರುವಿ ಹಾಕುತ್ತಿರುತ್ತಾರೆ. ದೊಡ್ಡ ಗಾಡಿಗಳಿಗೆ ಇದು ಸಣ್ಣ ತೊಡಕು. ಎರಡು ಚಕ್ರದವರಿಗೆ ಹಾಗಲ್ಲ. ಒಣಗಿದ ಬಳ್ಳಿಯ ಅಡಿ ಸೇರಿದ ಕಾಳು ಟೈರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಗಾಬರಿಯಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಪಕ್ಕಕ್ಕೆ ಸರಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ.

ಹಾಗೆ ಬಿದ್ದವನ ಯಾವ ಭಾಗ ಮೊದಲು ನೆಲ ಮುಟ್ಟುತ್ತದೆ? ಕೈ, ಮೊಣಕಾಲು, ಆಮೇಲೆ ಗದ್ದ, ಕೆನ್ನೆ, ಮೂಗು. ನೆತ್ತಿ ಎಷ್ಟೋ ಸಲ ನೆಲ ಮುಟ್ಟುವುದೇ ಇಲ್ಲ. ಆದರೆ ಈ ಭಾಗದ ಊರುಗಳಲ್ಲಿ ಬಹಳ ಮಂದಿ ತೊಡುವುದು ನೆತ್ತಿಯನ್ನು ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್. ಹಗುರ, ಅಗ್ಗ, ಹ್ಯಾಂಡಲ್‌ಗೆ ನೇತು ಹಾಕಲು ಸಲೀಸು, ದೂರದಲ್ಲಿ ಪೊಲೀಸರು ಕಂಡರೆ ತಲೆಗೇರಿಸಲೂ ಸಲೀಸು. ದಂಡ ತಪ್ಪಿಸುವ ಮಟ್ಟಿಗೆ ಅದು ಕೆಲಸ ಮಾಡೀತು. ಬಿದ್ದಾಗ ಕೆಲಸ ಮಾಡಬೇಕಾದರೆ ಮುಖವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ ಬೇಕು.

ಎರಡನ್ನೂ ಒಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕೈಗೇ ಸಿಗುತ್ತದೆ. ರಸ್ತೆ ಬದಿಯಲ್ಲಿ ಮಾರುವ ಅಗ್ಗದ ಅರ್ಧ ಹೆಲ್ಮೆಟ್ಟಿನ ಒಳಗೆ ಬೆರಳಿಟ್ಟು ಒತ್ತಿದರೆ ತೆಳ್ಳನೆಯ ಸ್ಪಂಜು ಒಳಹೋಗಿ, ಬೆರಳಿಗೆ ನೇರವಾಗಿ ಪ್ಲಾಸ್ಟಿಕ್ ಚಿಪ್ಪು ತಾಗುತ್ತದೆ. ಒಳ್ಳೆಯ ಪೂರ್ಣ ಹೆಲ್ಮೆಟ್ಟಿನ ಮೆತ್ತೆಯನ್ನು ಸರಿಸಿದರೆ ಬೆರಳಿಗೆ ಸಿಗುವುದು ಗಟ್ಟಿಯಾದ, ದಪ್ಪನೆಯ ಥರ್ಮಾಕೋಲ್ ಪದರ. ಟಿವಿ, ಫ್ರಿಜ್ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲ್ ಜಾತಿಯದೇ, ಆದರೆ ಹೆಚ್ಚು ಒತ್ತಾಗಿ ತಯಾರಿಸಿದ್ದು. ಜೀವ ಉಳಿಸುವ ಕೆಲಸದ ಬಹುಪಾಲು ಈ ಪದರದ್ದೇ.

ಅದು ಹೀಗೆ. ಆಳೆತ್ತರದಿಂದ ಸುಮ್ಮನೆ ಕೆಳಗೆ ಬಿದ್ದರೂ ತಲೆ ನೆಲಕ್ಕೆ ಬಡಿಯುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ. ಬೈಕ್ ನಿಂತಿದ್ದರೂ ಅಷ್ಟೇ, ಹೊಲದ ದಾರಿಯಲ್ಲಿ ಮೆಲ್ಲಗೆ ಹೋಗುತ್ತಿದ್ದರೂ ಅಷ್ಟೇ. ಬರಿತಲೆ ಡಾಂಬರಿಗೆ ಬಡಿದರೆ ಆ ವೇಗ ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ಸೊನ್ನೆಯಾಗಬೇಕು. ಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲದೆ ಬುರುಡೆಯ ಗೋಡೆಗೆ ಅಪ್ಪಳಿಸುತ್ತದೆ. ಹೆಲ್ಮೆಟ್ಟಿನ ಥರ್ಮಾಕೋಲ್ ಅದೇ ಹೊತ್ತಿಗೆ ತಾನು ನಜ್ಜಾಗುತ್ತಾ ತಲೆಗೆ ಒಂದು ಅಂಗುಲದಷ್ಟು ದಾರಿ ಬಿಟ್ಟುಕೊಡುತ್ತದೆ. ನಿಲ್ಲುವ ಅಂತರ ಹತ್ತು ಪಟ್ಟು ಹೆಚ್ಚಿದರೆ ತಲೆಯ ಮೇಲಿನ ಹೊಡೆತ ಸರಿಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪು ಆ ಏಟನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸದೆ ಅಗಲಕ್ಕೆ ಹಂಚುತ್ತದೆ. ಒಂದು ಸಲ ನಜ್ಜಾದ ಪದರ ಮತ್ತೆ ಹಿಗ್ಗುವುದಿಲ್ಲ. ಆದ್ದರಿಂದಲೇ ಜೋರಾದ ಏಟು ತಿಂದ ಹೆಲ್ಮೆಟ್, ಹೊರಗೆ ಗೀರು ಬಿಟ್ಟರೆ ಏನೂ ಆಗಿಲ್ಲವೆಂದು ಕಂಡರೂ, ಮತ್ತೆ ತೊಡಲು ಯೋಗ್ಯವಲ್ಲ.

ಪೂರ್ಣ ಹೆಲ್ಮೆಟ್ಟಿನ ಗದ್ದದ ಪಟ್ಟಿ ಇದೇ ರಕ್ಷಣೆಯನ್ನು ಮುಖಕ್ಕೂ ಒಯ್ಯುತ್ತದೆ. ಜರ್ಮನಿಯ ಹ್ಯಾನೋವರ್‌ನಲ್ಲಿ ಡೀಟ್ಮರ್ ಓಟೆ ಎಂಬ ಸಂಶೋಧಕರು ಅಪಘಾತಕ್ಕೆ ಸಿಕ್ಕಿದ ಸವಾರರ ಹೆಲ್ಮೆಟ್‌ಗಳ ಮೇಲೆ ಏಟು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಹಾಕುತ್ತಾ ಹೋದರು. ಮೂರರಲ್ಲಿ ಒಂದರಷ್ಟು ಏಟು ಬಿದ್ದದ್ದು ಗದ್ದದ ಭಾಗದ ಮೇಲೆ. ನಡುನೆತ್ತಿಯ ಮೇಲೆ ಬಿದ್ದದ್ದು ಬಹಳ ಕಡಿಮೆ. 1981ರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ನೇತೃತ್ವದ ತಂಡ ಲಾಸ್ ಏಂಜಲೀಸ್ ಸುತ್ತಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಕೊಟ್ಟ ವರದಿಯೂ ಮುಖದ ಗಾಯ ತಡೆಯುವುದರಲ್ಲಿ ಪೂರ್ಣ ಹೆಲ್ಮೆಟ್ಟೇ ಮೇಲು ಎಂದಿತು.

ಮುಖದ ಗಾಯವೆಂದರೆ ಬರೀ ತರಚಲ್ಲ. ದವಡೆ ಮುರಿದವರಿಗೆ ಮೇಲಿನ ಹಲ್ಲು, ಕೆಳಗಿನ ಹಲ್ಲನ್ನು ತಂತಿಯಿಂದ ಬಿಗಿದು ವಾರಗಟ್ಟಲೆ ಬಾಯಿ ಮುಚ್ಚಿಸಬೇಕಾಗುವುದುಂಟು. ಮೂರು ಹೊತ್ತೂ ಮುದ್ದೆ ನುಂಗಿ ದುಡಿಯುವ ಮನುಷ್ಯ ಅಷ್ಟು ದಿನ ಗಂಜಿ, ಅಂಬಲಿಯಲ್ಲೇ ಕಳೆಯಬೇಕು. ಕಣ್ಣಿನ ಗೂಡಿನ ಮೂಳೆ ಮುರಿದರೆ ದೃಷ್ಟಿಗೆ ತೊಂದರೆ. ಮುಂದಿನ ಹಲ್ಲು ಹೋದ ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಯುತ್ತಾಳೆ. ಇವೆಲ್ಲ ಸಾವಿನ ಲೆಕ್ಕದಲ್ಲಿ ಸೇರುವುದೇ ಇಲ್ಲ.

ಸಾವಿನ ಲೆಕ್ಕವೂ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು 74,897. ಹೆಲ್ಮೆಟ್ ಧರಿಸದೆ ಸತ್ತವರು 50,029, ಅವರಲ್ಲಿ 14,337 ಮಂದಿ ಹಿಂಬದಿ ಕೂತವರು. ಅದೇ ವರ್ಷ ಕರ್ನಾಟಕದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 11 ಸಾವಿರಕ್ಕೂ ಹೆಚ್ಚು. ಹೆಲ್ಮೆಟ್ ತೊಟ್ಟರೆ ಅಪಘಾತದಲ್ಲಿ ಸಾಯುವ ಸಂಭವ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಸುಮಾರು ಶೇ 69ರಷ್ಟು ಕಡಿಮೆಯಾಗುತ್ತದೆ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ 2008ರ ಕಾಕ್ರೇನ್ ಸಮೀಕ್ಷೆ ಹೇಳುತ್ತದೆ.

ಈ ತಿಳಿವಳಿಕೆಯ ಹಿಂದೆ ಒಂದು ಸಾವಿದೆ. 1935ರ ಮೇ ತಿಂಗಳಲ್ಲಿ, ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾಗಿದ್ದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿದಾರಿಯೊಂದರಲ್ಲಿ ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದರು. ತಲೆಗೆ ಪೆಟ್ಟಾಗಿ ಆರನೇ ದಿನ ತೀರಿಕೊಂಡರು. ಅವರ ಚಿಕಿತ್ಸೆಗೆ ಬಂದಿದ್ದವರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಇದ್ದರು. ಆ ಸಾವು ಅವರನ್ನು ಬಿಡಲಿಲ್ಲ. ಯುದ್ಧಕಾಲದಲ್ಲಿ ಸತ್ತ, ಗಾಯಗೊಂಡ ಬೈಕ್ ಸವಾರರ ಲೆಕ್ಕ ಹಿಡಿದು, ಹೆಲ್ಮೆಟ್ ಎಷ್ಟು ಮುಖ್ಯವೆಂದು 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆ ವರ್ಷವೇ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಮುಖವನ್ನೂ ಮುಚ್ಚುವ ಹೆಲ್ಮೆಟ್ ಬಳಕೆಗೆ ಬಂದದ್ದು 1960ರ ದಶಕದ ಕೊನೆಯಲ್ಲಿ. ಅಮೆರಿಕದ ಬೆಲ್ ಕಂಪನಿ ತಯಾರಿಸಿದ ಅಂಥ ಹೆಲ್ಮೆಟ್ಟನ್ನು ರೇಸ್ ಚಾಲಕ ಡ್ಯಾನ್ ಗರ್ನಿ 1968ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕೆ ತೊಟ್ಟು ಬಂದರು. ಕೆಲವೇ ವರ್ಷಗಳಲ್ಲಿ ಅದು ರೇಸಿನ ರೂಢಿಯಾಯಿತು.

ಗುಂಡ್ಲುಪೇಟೆಯ ರಸ್ತೆಗಳೇ ಪೂರ್ಣ ಹೆಲ್ಮೆಟ್ ಕೇಳುವಂತಿವೆ. ಮೈಸೂರಿನಿಂದ ಬಂದ ರಾಷ್ಟ್ರೀಯ ಹೆದ್ದಾರಿ 766 ಇಲ್ಲಿಂದ ವಯನಾಡಿನ ಕಡೆಗೆ ಹೊರಳುತ್ತದೆ, ಹೆದ್ದಾರಿ 181 ಊಟಿಯ ಕಡೆಗೆ. ಎರಡೂ ಬಂಡೀಪುರದ ಕಾಡು ಹೊಕ್ಕು ಹೋಗುತ್ತವೆ. ಪ್ರಾಣಿಗಳ ರಕ್ಷಣೆಗೆಂದು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ, ಹಗಲಿನ ವೇಗ ತಗ್ಗಿಸಲು ಸಾಲು ಸಾಲು ಉಬ್ಬುಗಳಿವೆ. ಮುಂಜಾನೆ, ಮುಸ್ಸಂಜೆಯಲ್ಲಿ ಜಿಂಕೆ, ಕಾಡುಹಂದಿ ಹಠಾತ್ತನೆ ಅಡ್ಡ ಬರುತ್ತವೆ. ಗೇಟ್ ಮುಚ್ಚುವ ಮೊದಲು ದಾಟಬೇಕೆಂಬ ಅವಸರದಲ್ಲಿ ಉಬ್ಬನ್ನು ಗಮನಿಸದವರು ಹಾರಿ ಬೀಳುವುದು ಮುಖ ಮುಂದಾಗಿಯೇ. ಕಾಡಿನಾಚೆಗೆ ಕರಿಕಲ್ಲಿನ ಕ್ವಾರಿಗಳಿಂದ ಬರುವ ಟಿಪ್ಪರ್‌ಗಳಿವೆ. ಅವುಗಳಿಂದ ಉದುರಿದ ಜಲ್ಲಿ ಹಿಂದಿನ ಬೈಕಿನವನ ಮುಖಕ್ಕೆ ಚಿಮ್ಮುತ್ತದೆ. ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಫೋಟೊಗೆಂದು ರಸ್ತೆ ಅಂಚಿನಲ್ಲಿ ಥಟ್ಟನೆ ನಿಲ್ಲಿಸುವ ಕಾರುಗಳಿವೆ. ಸಂಜೆ ಹೊತ್ತು ಕಣ್ಣಿಗೆ ಬಡಿಯುವ ಹುಳು ಒಂದೇ ಸಾಕು, ಸವಾರ ಆಯ ತಪ್ಪಲು. ಕಲ್ಲು, ಹುಳು, ಧೂಳು ಮೂರನ್ನೂ ವೈಸರ್ ತಡೆಯುತ್ತದೆ. ಅರ್ಧ ಹೆಲ್ಮೆಟ್ಟಿಗೆ ವೈಸರ್ ಇದ್ದರೂ ಅದರ ಕೆಳಗೆ ಗದ್ದದ ಪಟ್ಟಿ ಇರುವುದಿಲ್ಲ.

ಇನ್ನೊಂದು ಮಾತು ದೂರದ್ದು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್, ಚಾಮರಾಜನಗರದಿಂದಲೂ ಹೆಚ್ಚುಕಡಿಮೆ ಅಷ್ಟೇ. ಮಿದುಳಿನೊಳಗೆ ರಕ್ತಸ್ರಾವವಾಗುತ್ತಿರುವ ಗಾಯಾಳುವಿಗೆ ಮೊದಲ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ಆ ಗಂಟೆಯ ಎಷ್ಟೋ ಭಾಗ ದಾರಿಯಲ್ಲೇ ಕಳೆದುಹೋಗಬಹುದಾದ ಊರಿನಲ್ಲಿ, ರಕ್ತಸ್ರಾವವೇ ಆಗದಂತೆ ತಡೆಯುವ ವಸ್ತುವಿನ ಬೆಲೆ ದೊಡ್ಡ ನಗರಕ್ಕಿಂತ ಹೆಚ್ಚು.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್, 2019ರ ತಿದ್ದುಪಡಿಯ ನಂತರ, ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸಬೇಕೆನ್ನುತ್ತದೆ. ಹೆಲ್ಮೆಟ್ ಎಂದರೆ ಆಕಾರ, ವಸ್ತು, ರಚನೆ ಮೂರರಿಂದಲೂ ಗಾಯ ತಡೆಯುವಂಥದ್ದಾಗಿರಬೇಕು, ಪಟ್ಟಿಯಿಂದ ತಲೆಗೆ ಬಿಗಿದಿರಬೇಕು ಎಂಬ ವಿವರಣೆಯೂ ಅಲ್ಲಿದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕೆಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದು, ಮಾರುವುದು ಎರಡೂ ಅಪರಾಧ. 2018ರ ಆರಂಭದಲ್ಲಿ ಮೈಸೂರಿನಲ್ಲಿ ಪೊಲೀಸರು ಅರ್ಧ ಹೆಲ್ಮೆಟ್‌ಗಳ ವಿರುದ್ಧ ಕಾರ್ಯಾಚರಣೆಗೆ ಇಳಿದಾಗ ಈ ಚರ್ಚೆ ಬೀದಿಗೆ ಬಂದಿತ್ತು. ಬಿಸಿ ಆರಿದ ಮೇಲೆ ಅರ್ಧ ಹೆಲ್ಮೆಟ್‌ಗಳು ರಸ್ತೆಗೆ ಮರಳಿದವು.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅದರ ಅಗತ್ಯ ಎಷ್ಟೆಂದು ಕನ್ನಡಿಗರು ಮನಗಂಡದ್ದು 2021ರ ಜೂನ್‌ನಲ್ಲಿ. ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ರಾತ್ರಿ ಸ್ನೇಹಿತರ ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಗ ಬೈಕ್ ಜಾರಿತು. ಹೆಲ್ಮೆಟ್ ಇರಲಿಲ್ಲ ಎಂದು ಪತ್ರಿಕೆಗಳು ವರದಿ ಮಾಡಿದವು. ತಲೆಗೆ ಬಿದ್ದ ಪೆಟ್ಟಿನಿಂದ ಅವರ ಮಿದುಳು ನಿಷ್ಕ್ರಿಯವಾಯಿತು. ಕುಟುಂಬದವರು ಆ ದುಃಖದಲ್ಲೂ ಅಂಗಾಂಗ ದಾನ ಮಾಡಿದರು. ವಿಜಯ್ ಅವರಿಗೆ ಆಗ 37 ವರ್ಷ. ಹಿಂದೆ ಕೂತವರಿಗೆ ಹಿಡಿಯಲು ಹ್ಯಾಂಡಲ್ ಇರುವುದಿಲ್ಲ, ಬೀಳುವ ಮುನ್ಸೂಚನೆಯೂ ಇರುವುದಿಲ್ಲ. ಒಂದೇ ಕಡೆ ಕಾಲು ಹಾಕಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ಹೆಂಗಸಿನ ಅಪಾಯ ಇನ್ನೂ ಹೆಚ್ಚು. ಮನೆಗೆ ಒಂದೇ ಹೆಲ್ಮೆಟ್ ಕೊಳ್ಳುವ ರೂಢಿ ಬದಲಾಗಬೇಕಾದದ್ದು ಅವಳಿಗಾಗಿ.

ಪೂರ್ಣ ಹೆಲ್ಮೆಟ್ ಬೇಡವೆನ್ನುವವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. “ಸೆಕೆಗೆ ತಲೆ ಬೇಯ್ತದೆ”, “ಹಿಂದಿನ ಹಾರನ್ ಕೇಳಾಕಿಲ್ಲ”, “ಇಲ್ಲೇ ಅಂಗಡಿ ಗಂಟ ಹೋಗ್ಬುಟ್ ಬತ್ತೀನಿ”. ಏಪ್ರಿಲ್ ಬಿಸಿಲಿನಲ್ಲಿ ಸೆಕೆಯಾಗುವುದು ನಿಜ. ಗದ್ದ ಮತ್ತು ನೆತ್ತಿಯಲ್ಲಿ ಗಾಳಿಗಂಡಿ ಇರುವ, ಒಳಮೆತ್ತೆ ಬಿಚ್ಚಿ ತೊಳೆಯಬಹುದಾದ, ತಿಳಿಬಣ್ಣದ ಹೆಲ್ಮೆಟ್ ಆರಿಸಿಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಹಾರನ್ ಮಾತಿಗೆ ಹರ್ಟ್ ವರದಿಯಲ್ಲೇ ಉತ್ತರವಿದೆ: ಹೆಲ್ಮೆಟ್‌ನಿಂದ ಕಿವಿ ಮಂದವಾಗಿ ಅಥವಾ ನೋಟ ಕಿರಿದಾಗಿ ಅಪಘಾತವಾದ ಪ್ರಕರಣ ಆ 900ರಲ್ಲಿ ಕಾಣಲಿಲ್ಲ. ಇನ್ನು ಅಂಗಡಿಯ ಮಾತು. ಹುರುಳಿ ಹಾಸುವುದು ಹೆದ್ದಾರಿಯ ಮೇಲಷ್ಟೇ ಅಲ್ಲ, ಊರ ಮುಂದಿನ ರಸ್ತೆಯ ಮೇಲೂ.

ಕೊಳ್ಳುವವರು ನೋಡಬೇಕಾದದ್ದು ನಾಲ್ಕು ಸಂಗತಿ. ಒಂದು, ಐಎಸ್‌ಐ ಗುರುತು, ಅದರ ಮೇಲೆ ಐಎಸ್ 4151 ಎಂಬ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಿಸಿದವರು ಯಾರೆಂದು ತಿಳಿಯುತ್ತದೆ. ಎರಡು, ಅಳತೆ. ತೊಟ್ಟು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲುಗಬೇಕು, ಹೆಲ್ಮೆಟ್ ಮಾತ್ರ ತಿರುಗಬಾರದು. ಮೂರು, ಪಟ್ಟಿ. ಗದ್ದದ ಕೆಳಗೆ ಬಿಗಿದು, ಹಿಂದಿನಿಂದ ಎತ್ತಿ ನೋಡಿದರೆ ಹೆಲ್ಮೆಟ್ ಕಳಚಿಕೊಳ್ಳಬಾರದು. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣದಲ್ಲಿ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ನಾಲ್ಕು, ವೈಸರ್. ಕಪ್ಪು ವೈಸರ್ ಹಗಲಿಗೆ ಚೆಂದ, ಬಂಡೀಪುರದ ಮುಸ್ಸಂಜೆಗೆ ತಿಳಿಯಾದದ್ದೇ ಬೇಕು. ಇದಕ್ಕೆಲ್ಲ ವಿದೇಶಿ ಮಾಲು ಹುಡುಕಬೇಕಿಲ್ಲ. ವೇಗಾ ಹೆಲ್ಮೆಟ್‌ಗಳು ನಮ್ಮ ಬೆಳಗಾವಿಯಿಂದಲೇ ಬರುತ್ತವೆ.

ಅಪಘಾತ ಕಂಡು ನೆರವಿಗೆ ಓಡುವವರಿಗೂ ಒಂದು ವಿಷಯ ಗೊತ್ತಿರಬೇಕು. ಬಿದ್ದವನು ಉಸಿರಾಡುತ್ತಿದ್ದರೆ ಪೂರ್ಣ ಹೆಲ್ಮೆಟ್ಟನ್ನು ಅವಸರದಲ್ಲಿ ಎಳೆದು ತೆಗೆಯಬಾರದು, ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು. ವೈಸರ್ ಎತ್ತಿ, ಮಾತಾಡಿಸಿ, 108ಕ್ಕೆ ಕರೆ ಮಾಡಬೇಕು. ಉಸಿರಾಟಕ್ಕೆ ಅಡ್ಡಿಯಾಗಿ ತೆಗೆಯಲೇಬೇಕಾಗಿ ಬಂದರೆ ಇಬ್ಬರು ಬೇಕು: ಒಬ್ಬರು ಕೆಳಗಿನಿಂದ ಕತ್ತು, ದವಡೆಯನ್ನು ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ, ಎರಡೂ ಬದಿಯನ್ನು ಅಗಲಿಸಿ ನಿಧಾನವಾಗಿ ಹೊರಗೆಳೆಯಬೇಕು. ಹೀಗೆ ನೆರವಾದವರನ್ನು ಪೊಲೀಸ್, ಕೋರ್ಟು ಎಂದು ಅಲೆಸದಂತೆ ಕಾಯುವ ಕಾಯ್ದೆ ಕರ್ನಾಟಕದಲ್ಲಿದೆ.

ಮುಂಜಾನೆ ಐದರ ಹೊತ್ತಿಗೆ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳ ರೈತರು ಬೈಕಿನ ಹಿಂದೆ ಟೊಮೆಟೊ, ಬೀನ್ಸ್ ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಮಂಜು ಕವಿದಿರುತ್ತದೆ, ಚಳಿಗೆ ತಲೆಗೆ ಟವಲು ಸುತ್ತಿರುತ್ತಾರೆ. ಹೊರಡುವ ಮೊದಲು ಅವರು ಚೀಲದ ಹಗ್ಗವನ್ನು ಎರಡೆರಡು ಸಲ ಎಳೆದು ನೋಡುತ್ತಾರೆ, ದಾರಿಯಲ್ಲಿ ಒಂದು ಟೊಮೆಟೊ ಕೂಡ ಉರುಳಬಾರದೆಂದು. ಅದೇ ಕೈಗೆ ಹೆಲ್ಮೆಟ್ಟಿನ ಪಟ್ಟಿಯನ್ನೂ ಬಿಗಿಯಲು ಬೇಕಾಗುವುದು ಐದು ಸೆಕೆಂಡು.