ಹಿಂತುದಿಯವರೆಗೂ ಉಳಿದ ವಿ

ವೇಗದ ದೋಣಿ ಅಲೆಯಿಂದ ಅಲೆಗೆ ಹಾರುವಾಗ ಒಳಗಿದ್ದವರ ಸೊಂಟ, ಬೆನ್ನುಮೂಳೆಗಳ ಗತಿ ಏನು ಎಂಬುದು ಐವತ್ತರ ದಶಕದವರೆಗೂ ಅನುಭವಿಸಿದವರಿಗಷ್ಟೇ ಗೊತ್ತಿತ್ತು. ಕೊಳದಂಥ ನೀರಿನಲ್ಲಿ ಬಾಣದಂತೆ ಓಡುವ ದೋಣಿ, ಕಡಲು ಒಂದಿಷ್ಟು ಕದಡಿದರೆ ಸಾಕು, ತೆವಳಬೇಕಾಗುತ್ತಿತ್ತು. ಎಂಜಿನ್ನಿನಲ್ಲಿ ಶಕ್ತಿಯಿದ್ದರೂ ಮೈ ತಡೆಯುತ್ತಿರಲಿಲ್ಲ.

ದೋಷ ತಳದ ಆಕಾರದಲ್ಲಿತ್ತು. ಅಂದಿನ ದೋಣಿಗಳ ತಳ ಮೂತಿಯ ಬಳಿ ವಿ ಆಕಾರದಲ್ಲಿ ಚೂಪಾಗಿದ್ದು, ಹಿಂದೆ ಹೋದಂತೆಲ್ಲ ಚಪ್ಪಟೆಯಾಗುತ್ತಿತ್ತು. ಇದಕ್ಕೆ ಕಾರಣವಿತ್ತು. ವೇಗ ಏರಿದಾಗ ದೋಣಿ ನೀರನ್ನು ಸೀಳುವುದು ಬಿಟ್ಟು, ನೀರಿನ ಮೇಲಕ್ಕೆದ್ದು ಜಾರತೊಡಗುತ್ತದೆ. ಹಾಗೆ ಎತ್ತಿ ಹಿಡಿಯಲು ಹಿಂಭಾಗ ಚಪ್ಪಟೆಯಾಗಿಯೇ ಇರಬೇಕು ಎಂದು ಬಹುತೇಕರು ನಂಬಿದ್ದರು. ಆದರೆ ಜಾರುವ ದೋಣಿ ನೀರನ್ನು ಮುಟ್ಟುವುದು ಬಹುಮಟ್ಟಿಗೆ ಆ ಹಿಂಭಾಗದಲ್ಲೇ! ಬಾವಿಗೆ ಹೊಟ್ಟೆಯಡಿಯಾಗಿ ಬಿದ್ದವನ ಪಾಡೇ ಅದರದು. ಪ್ರತಿ ಅಲೆಗೂ ಒಂದು ಹೊಡೆತ. ಹಿಂದಿನಿಂದ ಅಲೆ ತಳ್ಳಿದಾಗಲಂತೂ ಚೂಪು ಮೂತಿ ನೀರಿಗೆ ಕಚ್ಚಿಕೊಂಡು, ಚಪ್ಪಟೆ ಹಿಂಭಾಗ ಪಕ್ಕಕ್ಕೆ ಜಾರಿ, ದೋಣಿ ಅಡ್ಡ ತಿರುಗುತ್ತಿತ್ತು.

ಈ ನಂಬಿಕೆಯನ್ನು ಪ್ರಶ್ನಿಸಿದವರು ಅಮೆರಿಕದ ಮ್ಯಾಸಚೂಸೆಟ್ಸ್‌ನ ರೇ ಹಂಟ್. ದೋಣಿ ವಿನ್ಯಾಸವನ್ನು ಕಾಲೇಜಿನಲ್ಲಿ ಕಲಿತವರಲ್ಲ. ಹಾಯಿದೋಣಿ ನಡೆಸುತ್ತ, ನೀರು ಹೇಗೆ ಹರಿಯುತ್ತದೆಂದು ನೋಡುತ್ತ ಕಲಿತವರು. ವಿ ಆಕಾರವನ್ನು ಅವರು ಹಿಂದಕ್ಕೆ ಸಪಾಟಾಗಲು ಬಿಡಲಿಲ್ಲ. ತಳ ನಡುವಿನಿಂದ ಎರಡೂ ಬದಿಗೆ ಏರುವ ಸುಮಾರು 24 ಡಿಗ್ರಿಯ ಕೋನ ಕೊನೆಯ ಹಲಗೆಯವರೆಗೂ ಹಾಗೆಯೇ ಉಳಿಯಿತು.

ಅಷ್ಟೇ ಮಾಡಿದ್ದರೆ ದೋಣಿ ನೀರಿನಲ್ಲಿ ಹೂತುಕೊಂಡೇ ಓಡುತ್ತಿತ್ತೇನೋ. ತಳದ ಉದ್ದಕ್ಕೂ ಅವರು ತ್ರಿಕೋನಾಕಾರದ ತೆಳು ಪಟ್ಟಿಗಳನ್ನು ಕೂರಿಸಿದರು. ತಳಕ್ಕಂಟಿ ಮೇಲೇರುವ ನೀರನ್ನು ಈ ಪಟ್ಟಿಗಳು ಕತ್ತರಿಸಿ ಕೆಳಕ್ಕೆ ತಿರುಗಿಸುತ್ತವೆ; ಆ ತಿರುವಿನಿಂದಲೇ ದೋಣಿಗೆ ಎತ್ತುವ ಬಲ ಸಿಗುತ್ತದೆ, ಒದ್ದೆಯಾಗುವ ಮೈ ಕಡಿಮೆಯಾಗುತ್ತದೆ, ತಿರುಗುವಾಗ ನೀರಿನ ಮೇಲೆ ಹಿಡಿತವೂ ದೊರೆಯುತ್ತದೆ. ನನ್ನ ಕಣ್ಣಿಗೆ ಹಂಟ್ ಅವರ ಜಾಣ್ಮೆ ಇರುವುದು ಇಲ್ಲಿ. ಆಳವಾದ ವಿ ಕಿತ್ತುಕೊಂಡಿದ್ದನ್ನು ಈ ಸಣ್ಣ ಪಟ್ಟಿಗಳು ಬಹುಪಾಲು ಹಿಂದಿರುಗಿಸಿದವು.

1958ರಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯ ಆಯ್ಕೆ ಪಂದ್ಯಗಳು ನಡೆಯುತ್ತಿದ್ದವು. 'ವಿಮ್' ಹಾಯಿದೋಣಿಯಲ್ಲಿದ್ದ ಮಯಾಮಿಯ ದೋಣಿ ವ್ಯಾಪಾರಿ ಡಿಕ್ ಬರ್ಟ್ರಮ್ ಅವರ ಕಣ್ಣಿಗೆ ಒಂದು ಪುಟ್ಟ ಸಹಾಯಕ ದೋಣಿ ಬಿತ್ತು. ಮಿಕ್ಕವು ತತ್ತರಿಸುತ್ತಿದ್ದ ಕಡಲಲ್ಲಿ ಅದು ಆರಾಮವಾಗಿ ಓಡುತ್ತಿತ್ತು. ಅದು ಹಂಟ್ ಅವರ 23 ಅಡಿಯ ದೋಣಿ. ಬರ್ಟ್ರಮ್ ಅದೇ ಮಾದರಿಯಲ್ಲಿ 30 ಅಡಿಯ ಮರದ ದೋಣಿಯೊಂದನ್ನು ಕಟ್ಟಿಸಿ, ಹೆಂಡತಿಯ ಅಡ್ಡಹೆಸರನ್ನೇ ಇಟ್ಟರು: 'ಮೋಪಿ'.

1960ರಲ್ಲಿ ಮೋಪಿ ಮಯಾಮಿ–ನಸ್ಸೌ ವೇಗದ ದೋಣಿ ಸ್ಪರ್ಧೆಗೆ ಇಳಿದ ದಿನ ಕಡಲು ಕೆರಳಿತ್ತು. ಆಳೆತ್ತರದ ಅಲೆಗಳು, ಜೋರು ಎದುರುಗಾಳಿ. ಸ್ಯಾಮ್ ಗ್ರಿಫಿತ್ ಚಕ್ರ ಹಿಡಿದಿದ್ದ ಮೋಪಿ ಸುಮಾರು 8 ಗಂಟೆಯಲ್ಲಿ ನಸ್ಸೌ ಮುಟ್ಟಿ ದಾಖಲೆ ಬರೆಯಿತು. ಎರಡನೆಯದಾಗಿ ಬಂದದ್ದು ಜಿಮ್ ವಿನ್ ಅವರ ಚಿಕ್ಕ ದೋಣಿ; ಅದರ ತಳವೂ ಹಂಟ್ ಅವರದೇ. ಮೂರನೆಯದು ದಡ ಸೇರಿದ್ದು ಮರುದಿನ. ನಕ್ಷೆ, ಲೆಕ್ಕಗಳ ಮೇಲೆ ವರ್ಷಗಟ್ಟಲೆ ನಡೆಯಬಹುದಾಗಿದ್ದ ವಾದ ಒಂದೇ ದಿನದಲ್ಲಿ ತೀರ್ಮಾನವಾಯಿತು.

ಈ ತಳಕ್ಕೂ ಬೆಲೆ ಕೊಡಬೇಕು. ಅದೇ ವೇಗಕ್ಕೆ ಚಪ್ಪಟೆ ತಳದ ದೋಣಿಗಿಂತ ಹೆಚ್ಚು ಶಕ್ತಿ ಬೇಕು. ನಿಂತಲ್ಲಿ ದೋಣಿ ಹೆಚ್ಚು ಓಲಾಡುತ್ತದೆ. ಹಗುರವಾದ ಬಲವಾದ ಪೆಟ್ರೋಲ್ ಎಂಜಿನ್ನುಗಳು ಆ ಹೊತ್ತಿಗೆ ಬಂದಿರದಿದ್ದರೆ ಹಂಟ್ ಅವರ ಕಲ್ಪನೆ ಕಾಗದದಲ್ಲೇ ಉಳಿಯುತ್ತಿತ್ತೇನೋ. ಈ ಬೆಲೆಯಿಂದಾಗಿಯೇ ಇಂದಿಗೂ ವಿನ್ಯಾಸಕಾರರು ಕೋನವನ್ನು ದೋಣಿಯ ಕೆಲಸ ನೋಡಿ ಆರಿಸುತ್ತಾರೆ: ತೆರೆದ ಕಡಲಿಗೆ ಹೆಚ್ಚು, ಹಿನ್ನೀರಿಗೆ ಕಡಿಮೆ.

ಗೆದ್ದ ಮರದ ಮೋಪಿಯನ್ನೇ ಅಚ್ಚಿಗೆ ಮಾದರಿ ಮಾಡಿಕೊಂಡ ಬರ್ಟ್ರಮ್, ಫೈಬರ್‌ಗ್ಲಾಸಿನಲ್ಲಿ 'ಬರ್ಟ್ರಮ್ 31' ದೋಣಿಯನ್ನು 1961ರ ನ್ಯೂಯಾರ್ಕ್ ಪ್ರದರ್ಶನಕ್ಕೆ ತಂದರು. ಮುಂದೆ ಅಂಥವು ಸಾವಿರಕ್ಕೂ ಹೆಚ್ಚು ತಯಾರಾದವು. ಹಂಟ್ ಅವರಿಗೆ ಮಾತ್ರ ತಮ್ಮ ತಳಕ್ಕೆ ಪೇಟೆಂಟ್ ದಕ್ಕಲಿಲ್ಲ. ರೇಸಿನ ದೋಣಿಗಳು, ಕರಾವಳಿ ಕಾವಲಿನ ದೋಣಿಗಳು, ಜೀವರಕ್ಷಕ ದೋಣಿಗಳು ಎಲ್ಲವೂ ಆ ಆಕಾರವನ್ನು ತಮ್ಮದಾಗಿಸಿಕೊಂಡವು.